ಬತ್ತಿಕೋವಿಯ ಮೂಲ ಮತ್ತು ವಯಸ್ಸು ಗುರುತಿಸುವ ಬಗೆ

ಉರಿಯುವ ಬತ್ತಿಯಿಂದ ಮದ್ದಿಗೆ ಬೆಂಕಿ ತಗಲಿಸುವ ಹಳೆಯ ಬತ್ತಿಕೋವಿ ಕೈಗೆ ಬಂದಾಗ ಮೊದಲು ತಿಳಿಯಬೇಕಾದದ್ದು ಅದರಲ್ಲಿ ಮದ್ದು ಉಳಿದಿದೆಯೇ ಎಂಬುದು. ತೆಳುವಾದ ಮರದ ಕೋಲನ್ನು ನಳಿಗೆಯ ತಳದವರೆಗೆ ಇಳಿಸಿ, ಒಳಹೋದ ಉದ್ದವನ್ನು ಹೊರಮೈ ಮೇಲೆ ಅಳೆದು ನೋಡಿ. ಅದು ಕಿವಿರಂಧ್ರವನ್ನು, ಎಂದರೆ ಬೆಂಕಿ ಮದ್ದಿಗೆ ಒಳಹೋಗುವ ಸಣ್ಣ ತೂತನ್ನು, ಮುಟ್ಟದೆ ಮುಂದೆಯೇ ನಿಂತರೆ ಕೋವಿಯನ್ನು ಬಲ್ಲವರಿಗೆ ಒಪ್ಪಿಸುವುದೇ ಸರಿ.

ಮೂಲವನ್ನು ಹೇಳುವುದು ಅಲಂಕಾರಕ್ಕಿಂತ ಹೆಚ್ಚಾಗಿ ಬತ್ತಿ ಹಿಡಿಯುವ ಕೊಕ್ಕೆ. ಯುರೋಪಿನ ಕೋವಿಗಳಲ್ಲಿ ಅದು ಸಾಮಾನ್ಯವಾಗಿ ಗುರಿಯಿಡುವವನ ಕಡೆಗೆ ಬಾಗಿದರೆ, ಭಾರತ ಮತ್ತು ಜಪಾನಿನವುಗಳಲ್ಲಿ ನಳಿಗೆಯ ಬಾಯಿಯ ಕಡೆಗೆ ಬಾಗುತ್ತದೆ. ಉತ್ತರ ಭಾರತದ ಬತ್ತಿಕೋವಿಯಾದ ತೋಡೇದಾರ್‌ನಲ್ಲಿ ಕೊಕ್ಕೆಯು ಮರದ ಸೀಳಿನೊಳಗಿಂದ ಹೊರಬಂದು, ಕುದುರೆ (ಬೆರಳಿನಿಂದ ಎಳೆಯುವ ಕೀಲು) ಎಳೆದಷ್ಟೂ ನಿಧಾನವಾಗಿ ರಂಜಕದ, ಎಂದರೆ ಮೊದಲು ಹೊತ್ತಿಕೊಳ್ಳುವ ಮದ್ದಿನ, ಬಟ್ಟಲಿನತ್ತ ಇಳಿಯುತ್ತದೆ. ಸೀಳಿನ ಎರಡೂ ಬದಿಗೆ ಕಬ್ಬಿಣದ ಪಟ್ಟಿ, ಹಿಂದೆ ನೇರವಾದ ಐದು ಮುಖದ ಮರ, ನಳಿಗೆಗೆ ತೊಗಲಿನ ಅಥವಾ ತಂತಿಯ ಕಟ್ಟು ಇರುತ್ತವೆ. 1543ರಲ್ಲಿ ಪೋರ್ಚುಗೀಸರೊಡನೆ ತಾನೆಗಾಶಿಮಾ ದ್ವೀಪಕ್ಕೆ ಬಂದ ಮಾದರಿಯಿಂದ ಬೆಳೆದ ಜಪಾನಿ ಕೋವಿಯಲ್ಲಾದರೋ ಹಿತ್ತಾಳೆಯ ಸ್ಪ್ರಿಂಗ್ ಕೊಕ್ಕೆಯನ್ನು ಒಮ್ಮೆಲೇ ಕೆಡವುತ್ತದೆ. ಅದರ ಹಿಂಬದಿ ಭುಜಕ್ಕೆ ಆನಿಸಲಾಗದಷ್ಟು ಗಿಡ್ಡ. ಕುಶಲಕರ್ಮಿಯ ಹೆಸರಿದ್ದರೆ ಅದು ನಳಿಗೆಯ ಅಡಿಮೈಯಲ್ಲಿ, ಮರದೊಳಗೆ ಅಡಗಿರುತ್ತದೆ.

ವಯಸ್ಸಿನ ಮಾತು ಕಷ್ಟದ್ದು. ಭಾರತದಲ್ಲಿ ಇದೇ ಆಕಾರ 19ನೇ ಶತಮಾನದವರೆಗೂ ಹೆಚ್ಚು ಬದಲಾಗದೆ ನಡೆದುಬಂದುದರಿಂದ, ರೂಪ ನೋಡಿ ‘ಮೊಘಲರ ಕಾಲದ್ದು’ ಎನ್ನುವ ಮಾರಾಟಗಾರರ ಮಾತಿಗೆ ನಾನು ಬೆಲೆ ಕೊಡುವುದಿಲ್ಲ. ಚುಕ್ಕಿಗಳಿಂದ ಕೊರೆದ ನಾಗರಿ ಬರಹ ಸಿಕ್ಕರೆ ಅದರಲ್ಲಿರುವ ವಿಕ್ರಮ ಶಕದ ವರ್ಷದಿಂದ 57 ಕಳೆಯಿರಿ. ಆದರೆ ಅದು ತಯಾರಾದ ವರ್ಷವೆಂದು ತಿಳಿಯಬೇಡಿ: ಬಿಕಾನೇರ್ ಶಸ್ತ್ರಾಗಾರದ ಕೆಲವು ಆಯುಧಗಳ ಮೇಲಿನ 1748, ಎಂದರೆ ಕ್ರಿ.ಶ. 1691, ಆದವಾನಿಯ (ಇಂದಿನ ಆಂಧ್ರದ ಆದೋನಿ) ಲೂಟಿಯ ಮಾಲು ದಾಸ್ತಾನಿಗೆ ಸೇರಿದ ಲೆಕ್ಕ. ಟಿಪ್ಪುವಿನ ಕಾರ್ಖಾನೆಯ ಕೋವಿಗಳು ಹೆಚ್ಚಾಗಿ ಬತ್ತಿಯವಲ್ಲ, ಚಕಮಕಿ ಕಲ್ಲಿನ ಕಿಡಿಯವಾದರೂ ಒಂದು ಸಂಗತಿ ನೆನಪಿರಲಿ. ಅವುಗಳ ಮೇಲಿನ, ಟಿಪ್ಪುವೇ ಜಾರಿಗೆ ತಂದ ಮೌಲೂದಿ ಪಂಚಾಂಗದ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು, 4221 ಎಂದು ಕಂಡದ್ದು 1224, ಅಂದರೆ ಕ್ರಿ.ಶ. 1796-97.

ನಕಲಿಯ ಪರೀಕ್ಷೆಗೆ ಕಿವಿರಂಧ್ರದಲ್ಲಿ ತೆಳು ತಂತಿ ತೂರಿಸಿ. ಮದ್ದು ಇಲ್ಲವೆಂದು ಖಚಿತವಾದ ಮೇಲೂ ತಂತಿ ಒಳಗೆ ಹೋಗದಿದ್ದರೆ, ತುಕ್ಕು ಕಟ್ಟಿರಬಹುದು, ಇಲ್ಲವೇ ಗೋಡೆಗೆ ತೂಗುಹಾಕಲೆಂದೇ ಮಾಡಿದ ಕೋವಿಯಾಗಿರಬಹುದು. ಹಳೆಯ ನಳಿಗೆಗೆ ಹೊಸ ಮರ ಕೂಡಿಸುವುದು ವಾಡಿಕೆಯಾಗಿದ್ದುದರಿಂದ, ದಾಖಲೆಯಲ್ಲಿ ನಳಿಗೆ, ಮರ, ಕೊಕ್ಕೆ ಮೂರಕ್ಕೂ ಬೇರೆಬೇರೆ ಕಾಲವನ್ನೇ ಬರೆಯಿರಿ.