ಅಗ್ಗದ ರಿಬ್ಬನ್ ಮೈಕಿಗೆ ಹೊಸ ರಿಬ್ಬನ್: ನನ್ನ ಅನುಭವ

ರಿಬ್ಬನ್ ಮೈಕು ಅಂದರೆ ಮ್ಯಾಗ್ನೆಟ್ಟಿನ ಸಂದಿನಲ್ಲಿ ತೂಗುವ ತೆಳು ಅಲ್ಯೂಮಿನಿಯಮ್ ಪಟ್ಟಿಯಿಂದ (ರಿಬ್ಬನ್) ಸದ್ದು ಹಿಡಿಯುವ ಮೈಕು. ಹತ್ತು-ಹನ್ನೆರಡು ಸಾವಿರದ ಚೀನಾ ರಿಬ್ಬನ್ ಮೈಕು ಕೆಟ್ಟರೆ ಎಸೆಯೋದೇ ಲೇಸು ಅಂತ ತುಂಬ ಜನ ಹೇಳಿದ್ದರು. ನಾನು ಹಾಕಿದ ರಿಬ್ಬನ್‌ಗಳು ವರ್ಷಗಟ್ಟಲೆ ನಾಗಸ್ವರ, ಡೋಲಿನ ಮುಂದೆ ನಿಂತು ಕೆಲಸ ಮಾಡಿವೆ. ಸಾಮಾನಿನ ಖರ್ಚು ಮೈಕಿಗೆ ಮುನ್ನೂರು-ನಾನೂರು ರೂಪಾಯಿ, ಅಷ್ಟೇ.

ರಿಬ್ಬನ್ ಹರಿದಿದೆಯಾ ಅಂತ ತಿಳಿಯಲು ಮೈಕಿಗೆ ಕೇಬಲ್ ಸಿಕ್ಕಿಸುವ ಕಡೆಯ ಪಿನ್ 2, 3ರ ಮೇಲೆ ಮೀಟರ್ ಹಿಡಿದು ತೀರ್ಮಾನಕ್ಕೆ ಬರಬೇಡಿ. ಅಲ್ಲಿ ಸಿಗೋದು ಮೈಕಿನೊಳಗಿನ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿ, ಅಂದರೆ ಹೊರಬದಿಯ ತಂತಿಸುತ್ತು; ರಿಬ್ಬನ್ ಹರಿದಿದ್ದರೂ ಓಮ್ ಸರಿಯಾಗೇ ಬರುತ್ತದೆ. ಜಾಲರಿ ಬಿಚ್ಚಿ ಟಾರ್ಚ್ ಬಿಟ್ಟು ನೋಡಿ.

ಅಡುಗೆಮನೆಯ ಫಾಯಿಲ್ 10 ಮೈಕ್ರಾನ್ ಮೇಲಿರುತ್ತದೆ, ಭಾರಕ್ಕೆ ಟ್ರೆಬಲ್ ಸತ್ತುಹೋಗುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನ ಗುಜರಿಯಲ್ಲಿ ಸಿಗುವ ಹಳೇ ಫಾಯಿಲ್ ಕೆಪ್ಯಾಸಿಟರ್ ಬಿಚ್ಚಿದರೆ 5-6 ಮೈಕ್ರಾನ್ ಹಾಳೆ ಬರುತ್ತದೆ. ಜೋರು ವಾದ್ಯಕ್ಕೆ ಅದೇ ಗಟ್ಟಿ. ವೀಣೆ, ಗಾಯನಕ್ಕೆ 2.5 ಮೈಕ್ರಾನ್ ತರಿಸಲೇಬೇಕು. ಮಿಠಾಯಿ ಮೇಲೆ ಹಚ್ಚುವ ಬೆಳ್ಳಿ ರೇಕನ್ನೂ ಹಾಕಿ ನೋಡಿದ್ದೇನೆ: ಮುಟ್ಟಿದರೆ ಚೂರು. ದಪ್ಪ ರೇಕು ಸಿಕ್ಕರೂ ಬೆಳ್ಳಿ ಅಲ್ಯೂಮಿನಿಯಮ್ಮಿನ ನಾಲ್ಕು ಪಟ್ಟು ಭಾರ, ಪ್ರಯೋಜನವಿಲ್ಲ.

ಫಾಯಿಲನ್ನು ಎರಡು ಬಟರ್ ಪೇಪರ್ ನಡುವೆ ಇಟ್ಟು ಹೊಸ ಬ್ಲೇಡಿನಲ್ಲಿ ಒಂದೇ ಎಳೆತಕ್ಕೆ ಕತ್ತರಿಸಬೇಕು. ಮ್ಯಾಗ್ನೆಟ್ ಸಂದು 5.5 ಮಿ.ಮೀ. ಇದ್ದರೆ ರಿಬ್ಬನ್ 5. ಇನ್ನೂ ಕಿರಿದಾದರೆ ಔಟ್‌ಪುಟ್ ಸೋರುತ್ತದೆ, ಅಗಲವಾದರೆ ಉಜ್ಜುತ್ತದೆ. ಅಂಚಿನಲ್ಲಿ ಕೂದಲೆಳೆಯಷ್ಟು ಗರಗಸ ಕಂಡರೂ ಬಿಸಾಡಿ, ಹರಿಯೋದು ಅಲ್ಲಿಂದಲೇ. ಸುಕ್ಕು ಹಾಕಲು ಆಟಿಕೆಯ ಎರಡು ಪ್ಲಾಸ್ಟಿಕ್ ಗಿಯರ್ ಸಾಕು. ತುದಿಗಳನ್ನು ಸಪಾಟಾಗಿ ಉಳಿಸಿಕೊಳ್ಳುವ ಉಪಾಯ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಹೆಚ್ಚು ಮೈಕು ಸೋಲೋದು ರಿಬ್ಬನ್ನಿನ ತುದಿಗಳನ್ನು ಹಿಡಿಯುವ ಕ್ಲ್ಯಾಂಪಿನಲ್ಲಿ. ರಿಬ್ಬನ್ನಿನ ರೆಸಿಸ್ಟೆನ್ಸ್ ಬರೀ 0.1-0.2 ಓಮ್. ಕ್ಲ್ಯಾಂಪಿನ ಕಿಲುಬು ಅಥವಾ ಡ್ರೈ ಸೋಲ್ಡರ್ (ಸರಿಯಾಗಿ ಕೂರದ ಬೆಸುಗೆ) ಇನ್ನೊಂದು 0.1 ಸೇರಿಸಿದರೆ ಸದ್ದು ಕುಗ್ಗುತ್ತದೆ, ಬೈಗುಳ ರಿಬ್ಬನ್ನಿಗೆ. ಕ್ಲ್ಯಾಂಪನ್ನು ಹೊಳೆಯುವಂತೆ ಉಜ್ಜಿ ಐಪಿಎಯಲ್ಲಿ (ಐಸೊಪ್ರೊಪೈಲ್ ಆಲ್ಕೋಹಾಲ್) ಒರೆಸಿ. ಚಿಮಟ ಹಿತ್ತಾಳೆಯದೇ ಆಗಬೇಕು. ಕಬ್ಬಿಣದ್ದಾದರೆ ಮ್ಯಾಗ್ನೆಟ್ ಎಳೆದುಕೊಂಡು ರಿಬ್ಬನ್ ಸೀಳುತ್ತದೆ. ಮ್ಯಾಗ್ನೆಟ್ಟಿಗೆ ಅಂಟಿದ ಕಬ್ಬಿಣದ ಪುಡಿ ತೆಗೆಯೋದಕ್ಕೆ ಮಾಸ್ಕಿಂಗ್ ಟೇಪ್.

ಬಿಗಿತ ನೋಡಲು ಸ್ಪೀಕರ್ ಎದುರಿಟ್ಟು ಸಣ್ಣ ವಾಲ್ಯೂಮಿನಲ್ಲಿ 100 ಹರ್ಟ್ಜ್‌ನಿಂದ ಕೆಳಕ್ಕೆ ಸೈನ್ (ಒಂದೇ ಕಂಪನದ ಶುದ್ಧ ಸ್ವರ) ಬಿಡುತ್ತೇನೆ. ರಿಬ್ಬನ್ ಅತಿ ಹೆಚ್ಚು ತೂಗೋದು 30-40 ಹರ್ಟ್ಜ್ ಆಸುಪಾಸಿನಲ್ಲಿರಬೇಕು. 80ಕ್ಕೆ ತೂಗಿದರೆ ಬಿಗಿ ಜಾಸ್ತಿ, ಕೆಳಸ್ವರ ತೆಳ್ಳಗಾಗುತ್ತದೆ. ತೀರಾ ಸಡಿಲವಾದರೆ ಕೆಲವೇ ತಿಂಗಳಲ್ಲಿ ಜೋತುಬೀಳುತ್ತದೆ.

ಮೈಕನ್ನು ನಿಲ್ಲಿಸಿಯೇ ಇಡಿ. ಕೇಬಲ್ ಸರಿಯಿದ್ದರೆ ಫ್ಯಾಂಟಮ್ (ಮಿಕ್ಸರಿನಿಂದ ಮೈಕಿಗೆ ಬರುವ 48 ವೋಲ್ಟ್) ಏನೂ ಮಾಡದು. ಆದರೆ ಪ್ಯಾಚ್‌ಬೇಯಲ್ಲಿ (ಸ್ಟುಡಿಯೋದಲ್ಲಿ ಕೇಬಲ್ ಜೋಡಿಸುವ ಜ್ಯಾಕ್ ಫಲಕ) 48 ವೋಲ್ಟ್ ಇರುವಾಗಲೇ ಜ್ಯಾಕ್ ಚುಚ್ಚಿದರೆ ರಿಬ್ಬನ್ ಒಂದೇ ಏಟಿಗೆ ಹಿಗ್ಗಿಹೋಗಬಹುದು.