ಪರಾಭವ ಸಂವತ್ಸರಕ್ಕೆ ಬಾಗಿಲು: ಉತ್ತರ ಕನ್ನಡದ ನೆಲದಲ್ಲಿ ಕಾಲಯಾನದ ಥ್ರಿಲ್ಲರ್ ಕಟ್ಟುವ ಬಗೆ

ಕಾಲಯಾನ, ಒಳಸಂಚು, ಇತಿಹಾಸ ಮೂರನ್ನೂ ಬೆರೆಸಿ ಕಾದಂಬರಿ ಬರೆಯಲು ಕೂತವರು ಮೊದಲು ಯಂತ್ರದ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಯಂತ್ರ ಆಮೇಲೆ. ಮೊದಲು ದಾಖಲೆಯಲ್ಲಿ ಒಂದು ಖಾಲಿ ಜಾಗ ಹುಡುಕಬೇಕು. ನಮ್ಮ ಜಿಲ್ಲೆಯಲ್ಲಿ ಅಂಥ ಜಾಗಕ್ಕೆ ಬರವಿಲ್ಲ. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನೇ ತೆಗೆದುಕೊಳ್ಳಿ. ಆಳ್ವಿಕೆ 1552ರಿಂದ 1606ರವರೆಗೆ ಎನ್ನುವುದು ಸಾಮಾನ್ಯವಾಗಿ ಒಪ್ಪಿದ ಲೆಕ್ಕ. ಇಕ್ಕೇರಿಯ ವೆಂಕಟಪ್ಪ ನಾಯಕನ ಎದುರು ಸೋತು ಸೆರೆಯಲ್ಲೇ ತೀರಿಕೊಂಡಳು ಎನ್ನುತ್ತಾರೆ. ಅದರಾಚೆ ಗಟ್ಟಿ ವಿವರ ತೀರಾ ಕಡಿಮೆ. ನಿಮ್ಮ ಕಥೆ ನಿಲ್ಲಬೇಕಾದದ್ದು ಅಲ್ಲಿ. ತಾರೀಖು ಗೊತ್ತಿರುವ ಘಟನೆಯನ್ನು ಅಲುಗಿಸಬೇಡಿ, ಎರಡು ತಾರೀಖುಗಳ ನಡುವೆ ನುಗ್ಗಿ.

ಈ ಬಗೆಯ ಕಥೆಗೆ ತಾರೀಖಿಗಿಂತ ಒಳ್ಳೆಯ ಆಯುಧವಿಲ್ಲ. ಹಾಗಾಗಿ ಲೆಕ್ಕ ಕಲಿಯದೆ ಮುಂದೆ ಹೋಗಬೇಡಿ. ಯುಗಾದಿಯ ನಂತರದ ದಿನವಾದರೆ ಶಕ ವರ್ಷಕ್ಕೆ 78 ಕೂಡಿಸಿದರೆ ಇಸವಿ ಸಿಗುತ್ತದೆ. ಜನವರಿಯಿಂದ ಯುಗಾದಿಯ ಒಳಗಿನ ದಿನವಾದರೆ 79. ಶಾಸನದಲ್ಲಿರುವುದು ಗತ (ಮುಗಿದ) ವರ್ಷವೋ ವರ್ತಮಾನ (ನಡೆಯುತ್ತಿರುವ) ವರ್ಷವೋ ಎಂದು ನೋಡದಿದ್ದರೆ ಒಂದು ವರ್ಷ ಜಾರುತ್ತದೆ. ಇದನ್ನು ಹಿಡಿಯಲು ಸಂವತ್ಸರದ ಹೆಸರೇ ಸಾಕು: ಗತ ಶಕ ವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ, ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಕ್ರಮಸಂಖ್ಯೆ. ಶಕ 1528, ಅಂದರೆ 1606, ಶೇಷ 40: ಪರಾಭವ. ಶಕ 1948, ಅಂದರೆ 2026, ಅದೂ ಪರಾಭವ. ರಾಣಿಯ ಆಳ್ವಿಕೆ ಮುಗಿದ ವರ್ಷಕ್ಕೂ 2026ಕ್ಕೂ ನಡುವೆ ಸರಿಯಾಗಿ ಏಳು ಸುತ್ತು. ಸಂವತ್ಸರ, ಮಾಸ, ತಿಥಿ ಮಾತ್ರ ಬರೆದ, ಶಕ ವರ್ಷ ಅಳಿಸಿಹೋದ ತಾಮ್ರಪಟ ನಾಯಕಿಯ ಕೈಗೆ ಸಿಕ್ಕಿದರೆ, ಅದು ಹಿಂದಿನ ಮಾತೋ ಈ ವರ್ಷದ್ದೋ ಎಂದು ಅವಳಿಗೆ ಹೇಳಲಾಗದು. ಇದಕ್ಕಿಂತ ಸೊಗಸಾದ ಬಾಗಿಲು ನಮಗೆ ಬೇಡ.

ಕ್ರಿಸ್ತಶಕದ ತಾರೀಖಿನಲ್ಲೂ ಇಂಥದೇ ಬಿರುಕಿದೆ. ಪೋರ್ಚುಗಲ್‌ನಲ್ಲಿ ಹೊಸ ಗ್ರೆಗೋರಿಯನ್ ಪದ್ಧತಿಗೆ ಹೊರಳಿದಾಗ 1582ರ ಅಕ್ಟೋಬರ್ 4 ಗುರುವಾರದ ಮರುದಿನ ಅಕ್ಟೋಬರ್ 15 ಶುಕ್ರವಾರ. ಇಂಗ್ಲೆಂಡ್ 1752ರ ಸೆಪ್ಟೆಂಬರ್‌ವರೆಗೂ ಹಳೆಯ ಲೆಕ್ಕ ಬಿಡಲಿಲ್ಲ, ಹದಿನೇಳನೇ ಶತಮಾನದಲ್ಲಿ ಅವರ ಹೊಸ ವರ್ಷ ಬರುತ್ತಿದ್ದದ್ದು ಮಾರ್ಚ್ 25ಕ್ಕೆ. ಇಂಗ್ಲಿಷರು ಕಾರವಾರದಲ್ಲಿ ಕೋಠಿ, ಅಂದರೆ ವ್ಯಾಪಾರದ ಮಳಿಗೆ, ತೆರೆದದ್ದು 1638ರಲ್ಲಿ. ನಿಮ್ಮ ಕಥೆಯ ಇಂಗ್ಲಿಷ್ ವ್ಯಾಪಾರಿ 1638ರ ಫೆಬ್ರವರಿ 10 ಎಂದು ಬರೆದ ಕಾಗದವೂ ಗೋವೆಯ ಅಧಿಕಾರಿ 1639ರ ಫೆಬ್ರವರಿ 20 ಎಂದು ಬರೆದ ಕಾಗದವೂ ಒಂದೇ ದಿನದ್ದು. ಒಂದು ವರ್ಷ ಅಂತರವಿದೆ ಎಂದು ಎಲ್ಲರೂ ನಂಬಿರುವಾಗ ಗುಟ್ಟು ಒಡೆಯುವುದು ವಾರದಿಂದ: ಎರಡರಲ್ಲೂ ಭಾನುವಾರ. ವಾರ ಯಾವ ಪದ್ಧತಿಯಲ್ಲೂ ಮುರಿಯಲಿಲ್ಲ. ತಿಥಿ, ಅಧಿಕಮಾಸ ತಾಳೆ ನೋಡಲು ಸ್ವಾಮಿಕಣ್ಣು ಪಿಳ್ಳೈ ಅವರ ಕೋಷ್ಟಕಗಳಿವೆ, 700ರಿಂದ 1799ರವರೆಗಿನ ದಿನಗಳಿಗೆ. ಅಂದಾಜಿನಲ್ಲಿ ತಿಥಿ ಬರೆದರೆ ಪಂಚಾಂಗ ಬಲ್ಲ ಓದುಗ ಅಲ್ಲೇ ಪುಸ್ತಕ ಮುಚ್ಚುತ್ತಾನೆ.

ಕರಾವಳಿಯವರಿಗೆ ಇನ್ನೊಂದು ಗಡಿಯಾರವಿದೆ. ಭರತ, ಅಂದರೆ ಕಡಲಿನ ಏರುನೀರು, ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ, ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ. ಅದು ತಿಥಿಗೆ ಕಟ್ಟುಬಿದ್ದಿರುವುದರಿಂದ, ಒಂದೇ ತಿಥಿಯಲ್ಲಿ ಒಂದೇ ಅಳಿವೆಗೆ ನೀರು ಏರುವ ಹೊತ್ತು ಶತಮಾನ ಬದಲಾದರೂ ಹೆಚ್ಚುಕಡಿಮೆ ಅದೇ. ಅಘನಾಶಿನಿಯ ದಂಡೆಯಲ್ಲಿ ಬಂದಿಳಿದ ಪಾತ್ರಕ್ಕೆ ವಾಚು ಬೇಡ. ಗಜನಿಯ (ಅಳಿವೆ ದಂಡೆಯ ಉಪ್ಪುನೀರಿನ ಗದ್ದೆಯ) ಕಟ್ಟೆಗೆ ನೀರು ಎಷ್ಟು ಬಂದಿದೆ ಎಂದು ನೋಡಿದರೆ ಸಾಕು. ಆದರೆ ಮರಳುದಿಬ್ಬವನ್ನು ಗುರುತಾಗಿ ಇಡಬೇಡಿ. ಅಳಿವೆಯ ಮರಳು ಮಳೆಗಾಲ ಮಳೆಗಾಲಕ್ಕೂ ಜಾಗ ಬದಲಿಸುತ್ತದೆ. ಬಂಡೆಯನ್ನು ನಂಬಿ.

ಈಗ ವಿಜ್ಞಾನ. 1988ರಲ್ಲಿ ಭೌತವಿಜ್ಞಾನಿ ಕಿಪ್ ಥಾರ್ನ್ ಮತ್ತು ಸಂಗಡಿಗರು, ದೇಶಕಾಲದ ಎರಡು ಕಡೆಗೆ ಬಾಯಿರುವ ಸುರಂಗದಂಥ ವರ್ಮ್‌ಹೋಲನ್ನು ಕಾಲಯಂತ್ರವಾಗಿಸುವ ಲೆಕ್ಕ ಮಂಡಿಸಿದರು. ಅದರಲ್ಲಿ ಒಂದು ಕಟ್ಟುಪಾಡಿದೆ: ಯಂತ್ರ ಹುಟ್ಟುವುದಕ್ಕಿಂತ ಹಿಂದಿನ ಕಾಲಕ್ಕೆ ಹೋಗಲಾಗದು. 2026ರಲ್ಲಿ ಕಟ್ಟಿದ ಯಂತ್ರದಿಂದ 1606ಕ್ಕೆ ದಾರಿಯಿಲ್ಲ. ಹಾಗಾದರೆ ಇನ್ನೊಂದು ಬಾಯಿ 1606ರಲ್ಲೇ ಇದ್ದಿರಬೇಕು. ಅದನ್ನು ಇಟ್ಟವರು ಯಾರು ಎಂಬ ಪ್ರಶ್ನೆಯೇ ನಿಮ್ಮ ಸಂಚಿನ ಬೇರು. ಯಾಣದ ಬಂಡೆಯ ಬಿರುಕಿನಲ್ಲೋ ಗೇರುಸೊಪ್ಪೆಯ ಚತುರ್ಮುಖ ಬಸದಿಯ ಬಳಿಯೋ ಇಡಿ, ಆದರೆ ಒಂದೇ ಕಡೆ. ಕವಲೊಡೆಯುವ ಕಾಲರೇಖೆಯನ್ನು ನಾವು ಒಪ್ಪುವುದಿಲ್ಲ. ಅದರಲ್ಲಿ ಏನು ಬೇಕಾದರೂ ನಡೆಯಬಹುದು, ಹಾಗಾಗಿ ಇತಿಹಾಸ ಓದಿದ ಶ್ರಮ ದಂಡ. ಭೌತವಿಜ್ಞಾನಿ ನೋವಿಕೋವ್ ಹೇಳಿದ ಹಾಗೆ ನಡೆದದ್ದು ನಡೆದದ್ದೇ ಎಂಬ ನಿಯಮ ಹಿಡಿಯಿರಿ. ನಾಯಕಿ ತಡೆಯಲು ಹೋಗಿ ಮಾಡಿದ ಕೆಲಸವೇ, ಮೊದಲ ಅಧ್ಯಾಯದಲ್ಲಿ ಅವಳು ಓದಿದ ಶಾಸನಕ್ಕೆ ಕಾರಣವಾಗಬೇಕು.

ಕೈಗಾ ಸ್ಥಾವರವನ್ನು ಕಾಲಯಂತ್ರ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಅದು ಭಾರಜಲ ಬಳಸುವ, ಘಟಕಕ್ಕೆ 220 ಮೆಗಾವಾಟಿನ ವಿದ್ಯುತ್ ಕೇಂದ್ರ. ಅಲ್ಲಿ ದುಡಿಯುವವರೂ ನಿಮ್ಮ ಪುಸ್ತಕ ಓದುತ್ತಾರೆ. ಕಲ್ಪನೆಯ ಪ್ರಯೋಗಾಲಯ ಕಟ್ಟಿಕೊಳ್ಳಿ.

ಸಂಚು ಸೋಲುವುದು ಬಹಳಷ್ಟು ಸಲ ಒಂದೇ ಕಡೆ: 420 ವರ್ಷ ಗುಟ್ಟು ಉಳಿದದ್ದು ಹೇಗೆ? ಹದಿನಾರು ಹದಿನೇಳು ತಲೆಮಾರು ಬಾಯಿ ಬಿಡಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಗುಟ್ಟನ್ನು ಜನರಿಗೆ ಒಪ್ಪಿಸದೆ ಒಂದು ದತ್ತಿಗೆ ಒಪ್ಪಿಸಿ. ಪರಾಭವ ಬಂದಾಗಲೆಲ್ಲ ಒಂದು ಪೆಟ್ಟಿಗೆಯ ಬೀಗ ಬದಲಿಸಬೇಕು, ಅಷ್ಟೇ. ಯಾಕೆಂದು ಬದಲಿಸುವವನಿಗೂ ಗೊತ್ತಿಲ್ಲ. 1606, 1666, 1726, 1786, 1846, 1906, 1966, 2026: ಎಂಟೇ ಸಲ. 1786ರಲ್ಲಿ ಟಿಪ್ಪುವಿನ ಆಡಳಿತ, 1846ರಲ್ಲಿ ಮದ್ರಾಸ್ ಪ್ರಾಂತ್ಯ, 1906ರಲ್ಲಿ ಮುಂಬಯಿ, 1966ರಲ್ಲಿ ಮೈಸೂರು ರಾಜ್ಯ. ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿಗೆ ಸೇರಿತಲ್ಲ, ಆಗ ಕಡತ ಕೈ ಬದಲಾಯಿಸುವ ಗಡಿಬಿಡಿಯಲ್ಲಿ ಒಂದು ಹಾಳೆ ನಾಪತ್ತೆಯಾಗಲಿ. ಸಂಚುಗಾರರು ನಾಲ್ಕೈದು ಜನಕ್ಕಿಂತ ಹೆಚ್ಚು ಬೇಡ. ಅವರಿಗೆ ಸಿಗುವ ಲಾಭ ಕೈಗೆ ಹತ್ತುವಂಥದ್ದಿರಲಿ: ಮೆಣಸಿನ ವ್ಯಾಪಾರ, ಅಳಿವೆಯ ಸುಂಕ, ಜಮೀನಿನ ಹಕ್ಕು. ಒಂದು ಜಾತಿಯನ್ನೋ ಧರ್ಮವನ್ನೋ ಖಳ ಮಾಡುವುದು ಸುಳ್ಳು ಇತಿಹಾಸ, ಸೋಮಾರಿ ಬರವಣಿಗೆಯೂ ಹೌದು.

ಕಾಲ ತಪ್ಪಿದ ವಸ್ತುಗಳನ್ನು ಕೊನೆಯ ತಿದ್ದುವಿಕೆಯಲ್ಲಿ ಹೆಕ್ಕಿ ತೆಗೆಯಿರಿ. 1606ರಲ್ಲಿ ಶಿರಸಿಗೆ ಬಂದವನಿಗೆ ಮಾರಿಕಾಂಬೆಯ ಗುಡಿ ಕಾಣದು, ಅದು ಆ ಶತಮಾನದ ಕೊನೆಯದು. ಸೋಂದೆಯ ಸದಾಶಿವರಾಯನ ಕಾಲದ ಸಹಸ್ರಲಿಂಗವೂ ಇಲ್ಲ. ಕಾಳಿ ನದಿಯ ಬಾಯಲ್ಲಿ ಸದಾಶಿವಗಡದ ಕೋಟೆಯಿಲ್ಲ, ಬರೀ ಗುಡ್ಡ. ಕಾರವಾರದ ಕಡಲತೀರದ ಗಾಳಿಮರದ ಸಾಲು ಬ್ರಿಟಿಷರ ಕಾಲದ್ದು. ಕಥೆ ವಾಸ್ಕೋ ಡ ಗಾಮಾ ಕಾರವಾರದ ಬಳಿಯ ದ್ವೀಪ ಅಂಜದೀವ್‌ಗೆ ಬಂದ 1498ಕ್ಕೆ ಹೋದರೆ ಊಟದಲ್ಲಿ ಹಸಿಮೆಣಸು, ಬಟಾಟೆ, ಟೊಮೆಟೊ, ಗೋಡಂಬಿ, ಪಪ್ಪಾಯಿ ಯಾವುದೂ ಬರಬಾರದು. ಖಾರಕ್ಕೆ ಕಾಳುಮೆಣಸು, ಶುಂಠಿ.

ಬರೆಯಲು ಕೂರುವ ಮುಂಚೆ ದೊಡ್ಡ ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ: ಶಕ ಮತ್ತು ತಿಥಿ, ಪೋರ್ಚುಗೀಸ್ ತಾರೀಖು, ಇಂಗ್ಲಿಷ್ ತಾರೀಖು, ಆ ಪಾತ್ರ ಸ್ವತಃ ಬದುಕಿದ ದಿನಗಳ ಎಣಿಕೆ. ನಾಲ್ಕನೆಯದನ್ನು ಬಿಟ್ಟರೆ ಐದನೇ ಅಧ್ಯಾಯದ ಗಾಯ ಹತ್ತನೆಯದರಲ್ಲಿ ಮಾಯವಾಗಿರುತ್ತದೆ. ಎಪ್ಪತ್ತು ಸಾವಿರ ಪದಗಳ ಕಾದಂಬರಿಗೆ ಮೂರು ಜಿಗಿತ ಸಾಕು. ಮುಖ್ಯ ಸುಳಿವನ್ನು ಎರಡು ಸಲ ತೋರಿಸಿ, ಮೊದಲ ಸಲ ಬೇರೆ ಯಾವುದೋ ಗಡಿಬಿಡಿಯ ನಡುವೆ. ವಾರದ ಹೆಸರನ್ನು ಮಾತ್ರ ಮೊದಲ ಕಾಗದದಲ್ಲೇ ಬರೆದುಬಿಡಿ, ಆಮೇಲೆ ಸೇರಿಸಿದರೆ ಓದುಗರಿಗೆ ಮೋಸವಾಗುತ್ತದೆ.