ಪಿ.ಬಿ. ರಸ್ತೆಯ ಫುಟ್‌ಪಾತ್ ನಾನು ಅಳೆದಿದ್ದು ಹೀಗೆ

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಗಾಂಧಿ ಸರ್ಕಲ್‌ನಿಂದ ಬಸ್ ಸ್ಟ್ಯಾಂಡ್ ಕಡೆ ನಡೆದು ಹೋಗುವವರಿಗೆ ಎಷ್ಟು ಅನುಕೂಲ ಇದೆ ಅಂತ ನೋಡಲು ನಾನು ತಗೊಂಡು ಹೋಗಿದ್ದು ಒಂದು ಟೇಪು, ಒಂದು ನೋಟ್‌ಬುಕ್ಕು, ಮೊಬೈಲು. ಇಷ್ಟೇ ಸಾಕು.

ಮೊದಲು ರಸ್ತೆಯನ್ನು ತುಂಡು ಮಾಡಿಕೊಂಡೆ. ಒಂದು ಅಡ್ಡರಸ್ತೆಯಿಂದ ಇನ್ನೊಂದರವರೆಗೆ ಒಂದು ತುಂಡು, ಎಡಬದಿ ಬೇರೆ, ಬಲಬದಿ ಬೇರೆ. ಇಡೀ ರಸ್ತೆಗೆ ಒಂದೇ ಮಾರ್ಕ್ಸ್ ಕೊಟ್ಟರೆ ಎಲ್ಲಿ ಸರಿಮಾಡಬೇಕು ಅನ್ನೋದೇ ತಿಳಿಯುವುದಿಲ್ಲ.

ಅಂಗಡಿ ಗೋಡೆಯಿಂದ ಅಂಚಿನ ಕಲ್ಲಿನವರೆಗೆ ಟೇಪು ಹಿಡಿದರೆ ಸಿಗುವುದು ಕಟ್ಟಿದ ಅಗಲ. ಕಂಬ, ಟ್ರಾನ್ಸ್‌ಫಾರ್ಮರ್, ಅಂಗಡಿ ಬೋರ್ಡು, ನಿಲ್ಲಿಸಿದ ಬೈಕು ಎಲ್ಲ ಕಳೆದು, ತುಂಬ ಇಕ್ಕಟ್ಟಾದ ಕಡೆ ಎಷ್ಟು ಉಳಿಯುತ್ತದೋ ಅದನ್ನು ಬರೆದುಕೊಳ್ಳಿ. ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್‌ನ (ಐಆರ್‌ಸಿ) ಐಆರ್‌ಸಿ 103 ಮಾರ್ಗಸೂಚಿ ಪ್ರಕಾರ ಅಡ್ಡಿಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಬೇಕು, ಅಂಗಡಿ ಸಾಲಿರುವ ಕಡೆ ಇನ್ನೂ ಜಾಸ್ತಿ. ಫುಟ್‌ಪಾತ್ ಎತ್ತರ 150 ಮಿ.ಮೀ. ಮೀರಬಾರದು. ಮೀರಿದರೆ ಮಂಡಿನೋವಿನವರು ಹತ್ತುವುದಿಲ್ಲ, ವಾಹನಗಳ ನಡುವೆಯೇ ನಡೆಯುತ್ತಾರೆ, ಅದು ಅವರ ತಪ್ಪಲ್ಲ. ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಅಳೆದಿದ್ದನ್ನು ಸಂಜೆ ಜನ ತುಂಬಿದಾಗ ಮತ್ತೆ ಅಳೆಯಬೇಕು. ಎರಡೂ ಬೇರೆ ಬೇರೆ ರಸ್ತೆ ಅನ್ನಿಸುವಷ್ಟು ವ್ಯತ್ಯಾಸ ಇರುತ್ತದೆ.

ದಾಟುವ ಜಾಗದಲ್ಲಿ ನಾನು ಹೆಚ್ಚು ಹೊತ್ತು ನಿಂತೆ. ಸಿಗ್ನಲ್ ಲೆಕ್ಕಕ್ಕೆ ಸೆಕೆಂಡಿಗೆ 1.2 ಮೀಟರ್ ನಡಿಗೆ ಅಂತ ಹಿಡಿಯುವುದು ವಾಡಿಕೆ, ಅಂದರೆ 18 ಮೀಟರ್ ರಸ್ತೆಗೆ 15 ಸೆಕೆಂಡು. ಆದರೆ ಸೆಕೆಂಡಿಗೆ 0.9 ಮೀಟರ್ ನಡೆಯುವ ಅಜ್ಜಿಗೆ 20 ಸೆಕೆಂಡು ಬೇಕು ಅಲ್ವಾ? ಆ ಐದು ಸೆಕೆಂಡಿನಲ್ಲೇ ಬಸ್ಸು ನುಗ್ಗುತ್ತದೆ. ಇನ್ನೊಂದು ಲೆಕ್ಕವೂ ಉಪಯೋಗಕ್ಕೆ ಬರುತ್ತದೆ: ಜನಸಂದಣಿಯ ಹೊತ್ತಲ್ಲಿ ತಾಸಿಗೆ ದಾಟುವ ಜನರ ಸಂಖ್ಯೆಯನ್ನು ತಾಸಿಗೆ ಓಡಾಡುವ ವಾಹನಗಳ ಸಂಖ್ಯೆಯ ವರ್ಗದಿಂದ (ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿದಾಗ ಬರುವುದು) ಗುಣಿಸಿ. ಡಿವೈಡರ್ ಇಲ್ಲದ ರಸ್ತೆಯಲ್ಲಿ ಅದು 10 ಕೋಟಿ ಮೀರಿದರೆ ಸುಮ್ನೆ ಬಿಳಿ ಪಟ್ಟೆ ಬಳಿದರೆ ಸಾಲದು, ವಾಹನ ನಿಲ್ಲಿಸುವ ವ್ಯವಸ್ಥೆಯೇ ಬೇಕು.

ಅಳತೆ ಮುಗಿಸಿ ಬರೆದ ವರದಿಯಲ್ಲಿ ಹೂವಿನ ಗಾಡಿಯವರನ್ನು ಎಬ್ಬಿಸಿ ಅಂತ ನಾನು ಬರೆಯಲಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರಿಗೆ ಜಾಗ ಗುರುತಿಸಿ ಕೊಡಿ ಅನ್ನುತ್ತದೆ. ಕತ್ತಲಾದ ಮೇಲೆ ಅವರ ದೀಪ ಇರುವ ಕಡೆ ಹೆಂಗಸರು ಧೈರ್ಯವಾಗಿ ನಡೆಯುತ್ತಾರೆ, ಇದನ್ನೂ ನೋಡಿದೆ. ಮೊದಲು ಬೈಕುಗಳನ್ನು ತೆಗೆಸಿ ಅಂತ ಬರೆದೆ, ಯಾಕಂದ್ರೆ ನನ್ನ ಅಳತೆಯಲ್ಲಿ ಹೆಚ್ಚು ಜಾಗ ತಿಂದಿದ್ದು ಅವೇ.